ಬೀಸುಕಲ್ಲಿನ ಬಳಿ ಕುಳಿತು ಓದಿದವರು

ಪರೀಕ್ಷೆ ಹತ್ತಿರ ಬಂತೆಂದರೆ ಬೇರೆಲ್ಲ ಊರುಗಳಂತೆ ಮುದ್ದೇಬಿಹಾಳದ ಮನೆಗಳಲ್ಲೂ ಒಂದು ಮಾತು ಕೇಳಿಬರುತ್ತದೆ. "ಸಾಲೀ ಪುಸ್ತಕ ಬಿಟ್ಟು ಅದೇನು ಓದಾಕತ್ತೀ? ಅದನ್ನ ಪರೀಕ್ಷಾದಾಗ ಕೇಳ್ತಾರೇನು?" ಮಗನ ಕೈಯಲ್ಲೋ ಮಗಳ ಕೈಯಲ್ಲೋ ಒಂದು ಕಥೆಯ ಪುಸ್ತಕ ಕಂಡರೆ ಸಾಕು, ಈ ಮಾತು ಬಂದೇ ಬರುತ್ತದೆ. ಹೀಗೆ ಕೇಳುವ ತಂದೆ ತಾಯಿ ಓದಿನ ವೈರಿಗಳೇನಲ್ಲ. ಮಳೆ ನಂಬಿದ ಎರೆ ಭೂಮಿಯ ಸೀಮೆ ಇದು. ಒಂದು ವರ್ಷ ಜೋಳ ಕೈಗೆ ಬಂದರೆ ಮತ್ತೊಂದು ವರ್ಷ ಬರುವುದಿಲ್ಲ. ಇಂಥ ಕಡೆ ಮಕ್ಕಳ ಅಂಕಪಟ್ಟಿಯೂ ಮನೆಯ ಒಂದು ಬೆಳೆಯೇ. ಅದರ ನಡುವೆ ಕಳೆ ಬೆಳೆಯಬಾರದು ಎಂಬ ಆತಂಕ ಪಾಲಕರದು.

ಮಕ್ಕಳ ಪ್ರಶ್ನೆ ಬೇರೆ. ಶಾಲೆ ಕಾಲೇಜುಗಳಿಗೆ ಸಾಹಿತಿಗಳು ಬಂದಾಗ ಭಾಷಣ ಮುಗಿದ ಮೇಲೆ ಯಾರೋ ಒಬ್ಬರು ಎದ್ದು ನಿಂತು ಕೇಳುತ್ತಾರೆ: "ಸರ್, ನೀವು ದಿನಕ್ಕ ಎಷ್ಟು ತಾಸು ಓದ್ತೀರಿ? ಬರಿಯಾಕ ಕಲೀಬೇಕಂದ್ರ ಯಾವ್ಯಾವ ಪುಸ್ತಕ ಓದಬೇಕು?" ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಇದೆ. ಬರೆಯುವವರ ಮನೆಯಲ್ಲಿ ಕಪಾಟುಗಟ್ಟಲೆ ಪುಸ್ತಕ ಇರುತ್ತದೆ, ದೊಡ್ಡ ಊರಿನಲ್ಲಿ ದೊಡ್ಡ ಗ್ರಂಥಾಲಯ ಇರುತ್ತದೆ, ಅವರು ದೊಡ್ಡ ಡಿಗ್ರಿ ಪಡೆದಿರುತ್ತಾರೆ, ಆದ್ದರಿಂದ ಬರೆಯುತ್ತಾರೆ ಎಂಬ ನಂಬಿಕೆ. ಅದೆಲ್ಲ ಧಾರವಾಡ, ಮೈಸೂರು, ಬೆಂಗಳೂರಿನವರಿಗೆ ಸಾಧ್ಯ, ನಮಗೆಲ್ಲಿ ಎಂಬ ನಿಟ್ಟುಸಿರು ಅದರ ಬೆನ್ನಿಗೇ ಇರುತ್ತದೆ.

ಪಾಲಕರ ಪ್ರಶ್ನೆಗೂ ಮಕ್ಕಳ ಪ್ರಶ್ನೆಗೂ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ನಾವು ಕರೆಯುತ್ತ ಬಂದ ನಾಲ್ಕು ತಾಲ್ಲೂಕುಗಳ ನೆಲದಲ್ಲೇ ಓದಿ ಬರೆದವರು ಆಗಿಹೋಗಿದ್ದಾರೆ. ಅವರು ಏನು ಓದಿದರು ಎಂಬುದಕ್ಕಿಂತ ಹೇಗೆ ಓದಿದರು, ಓದಿದ್ದನ್ನು ಏನು ಮಾಡಿದರು ಎಂದು ನೋಡುವುದು ಹೆಚ್ಚು ಉಪಯೋಗದ ಕೆಲಸ.

ಏಳನೆಯ ಇಯತ್ತೆಯ ವಿದ್ವಾಂಸರು

ಮೊದಲು ಹಲಸಂಗಿಗೆ ಹೋಗೋಣ. ಬಹುಕಾಲ ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣ ತಾಲ್ಲೂಕಿಗೆ ಸೇರಿರುವ ಹಳ್ಳಿ ಅದು. ಮಹಾರಾಷ್ಟ್ರದ ಗಡಿಗೆ ಹತ್ತಿರ. ನೂರು ವರ್ಷದ ಹಿಂದೆ ಈ ಭಾಗವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮನೆಮಾತಾಗಿದ್ದರೂ ಕಚೇರಿ, ಪೇಟೆಗಳಲ್ಲಿ ಮರಾಠಿಯ ಜೋರು. ಕನ್ನಡ ಪುಸ್ತಕಗಳು ಹಳ್ಳಿಗೆ ಬರುವುದೇ ಅಪರೂಪ.

ಅಂಥ ಊರಿನಲ್ಲಿ ಕೆಲವು ಯುವಕರು ಒಟ್ಟಾದರು. ಚೆನ್ನಮಲ್ಲಪ್ಪ ಗಲಗಲಿ, ಅಂದರೆ ಮುಂದೆ 'ಮಧುರಚೆನ್ನ' ಎಂದು ಹೆಸರಾದವರು, ಚಡಚಣದ ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಕನ್ನಡ ಸಾಹಿತ್ಯ ಚರಿತ್ರೆ ಇವರನ್ನು ಒಟ್ಟಾಗಿ 'ಹಲಸಂಗಿ ಗೆಳೆಯರು' ಎಂದು ಕರೆಯುತ್ತದೆ. ಧಾರವಾಡದಲ್ಲಿ ಬೇಂದ್ರೆಯವರ 'ಗೆಳೆಯರ ಗುಂಪು' ಇದ್ದಂತೆ ಇದು ಹಳ್ಳಿಯ ಗುಂಪು.

ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ಮುಗಿಯಿತು. ಇಂದಿನ ಮಕ್ಕಳಿಗೆ ಈ ಹೆಸರು ಗೊತ್ತಿರಲಾರದು. ಕನ್ನಡ ಶಾಲೆಯ ಏಳನೆಯ ಇಯತ್ತೆ ಮುಗಿಸಿದವರು ಕೂಡುತ್ತಿದ್ದ ಪರೀಕ್ಷೆ ಅದು. ಅದು ಪಾಸಾದರೆ ಹಳ್ಳಿಯ ಶಾಲೆಯಲ್ಲಿ ಮಾಸ್ತರರಾಗಬಹುದಿತ್ತು. ಇಂಗ್ಲಿಷ್ ಶಾಲೆಗೆ ಹೋಗುವುದು ಬೇರೆಯೇ ದಾರಿ, ಅದಕ್ಕೆ ಬೇರೆ ಊರು, ಬೇರೆ ಖರ್ಚು. ಮಧುರಚೆನ್ನರು ಆ ದಾರಿ ಹಿಡಿಯಲಿಲ್ಲ. ಇಂಗ್ಲಿಷನ್ನು ತಾವೇ ಕಲಿತರು. ಕಲಿತದ್ದು ಮಾತಾಡಲಿಕ್ಕಲ್ಲ, ಓದಲಿಕ್ಕೆ. ಅರವಿಂದರ ಬರಹಗಳನ್ನು ಮೂಲದಲ್ಲೇ ಓದಿದರು. ಅರವಿಂದರ ಇಂಗ್ಲಿಷ್ ಸುಲಭದ್ದಲ್ಲ. ಒಂದೊಂದು ವಾಕ್ಯ ಅರ್ಧ ಪುಟದಷ್ಟು ಉದ್ದ. ಪದವೀಧರರೇ ತಡವರಿಸುವ ಆ ಗದ್ಯದ ಒಳಗೆ ಏಳನೆಯ ಇಯತ್ತೆ ಮುಗಿಸಿದ ಹಳ್ಳಿಯ ಯುವಕ ಹೊಕ್ಕು ಹೊರಬಂದದ್ದು ಸಣ್ಣ ಮಾತಲ್ಲ.

ಅದು ಹೇಗೆ ಸಾಧ್ಯವಾಯಿತು? ಓದಬೇಕೆಂಬ ಹಸಿವು ಮೊದಲನೆಯ ಉತ್ತರ. ಎರಡನೆಯ ಉತ್ತರ, ಅವರು ಒಬ್ಬರೇ ಓದಲಿಲ್ಲ. ಗೆಳೆಯರ ನಡುವೆ ಪುಸ್ತಕ ಕೈಯಿಂದ ಕೈಗೆ ಹೋಗುತ್ತಿತ್ತು, ಚರ್ಚೆ ನಡೆಯುತ್ತಿತ್ತು. ಒಬ್ಬನಿಗೆ ಹೊಳೆಯದ ಅರ್ಥ ಇನ್ನೊಬ್ಬನಿಗೆ ಹೊಳೆಯಬಹುದು. ಇಬ್ಬರಿಗೂ ಹೊಳೆಯದಿದ್ದರೆ ಪ್ರಶ್ನೆಯಾದರೂ ಸ್ಪಷ್ಟವಾಗುತ್ತದೆ. ಮೂರನೆಯ ಉತ್ತರ ಎಲ್ಲಕ್ಕಿಂತ ಮುಖ್ಯವಾದದ್ದು. ಓದಿದ್ದನ್ನು ಅವರು ಅಲ್ಲಿಗೇ ಬಿಡಲಿಲ್ಲ, ಕನ್ನಡಕ್ಕೆ ತಂದರು. ಅರವಿಂದರ, ಶ್ರೀಮಾತೆಯವರ ವಿಚಾರಗಳನ್ನು ಮಧುರಚೆನ್ನರು ಕನ್ನಡದಲ್ಲಿ ಹೇಳಲು ಹೊರಟರು. ಒಂದು ಮಾತನ್ನು ಇನ್ನೊಂದು ಭಾಷೆಯಲ್ಲಿ ಹೇಳಲು ಹೊರಟಾಗಲೇ ನಮಗೆ ಅದು ಎಷ್ಟು ಅರ್ಥವಾಗಿದೆ, ಎಷ್ಟು ಆಗಿಲ್ಲ ಎಂಬುದು ತಿಳಿಯುವುದು. ಕಣ್ಣು ಮೋಸ ಹೋಗಬಹುದು, ಬರೆಯುವ ಕೈ ಅಲ್ಲಲ್ಲೇ ನಿಂತುಬಿಡುತ್ತದೆ.

ಕಿವಿಯಿಂದ ಓದಿದ್ದು

ಹಲಸಂಗಿಯವರ ಓದಿನಲ್ಲಿ ಇನ್ನೊಂದು ವಿಶೇಷ ಇದೆ. ಪುಸ್ತಕ ಕಡಿಮೆ ಇದ್ದ ಊರಿನಲ್ಲಿ ಅವರಿಗೆ ದೊಡ್ಡ ಗ್ರಂಥಾಲಯವೊಂದು ಸಿಕ್ಕಿತು. ಅದು ಇದ್ದದ್ದು ಮನೆಯೊಳಗೆ, ಬೀಸುಕಲ್ಲಿನ ಬಳಿ.

ಆಗ ಹಿಟ್ಟಿನ ಗಿರಣಿ ಇರಲಿಲ್ಲ. ನಸುಕಿನಲ್ಲಿ ಎದ್ದ ಹೆಣ್ಣುಮಕ್ಕಳು ಜೋಳ ಬೀಸಬೇಕು. ಗೂಟ ಹಿಡಿದು ಕಲ್ಲು ತಿರುಗಿಸುತ್ತ ಆಯಾಸ ಮರೆಯಲು ಹಾಡುತ್ತಿದ್ದರು. ತವರಿನ ನೆನಪು, ಅಣ್ಣನ ದಾರಿ ಕಾಯುವುದು, ಅತ್ತೆಮನೆಯ ಕಷ್ಟ, ತೊಟ್ಟಿಲ ಕೂಸು, ಮನೆದೇವರು, ಎಲ್ಲವೂ ಆ ಹಾಡುಗಳಲ್ಲಿ ಬಂದುಹೋಗುತ್ತಿದ್ದವು. ಹಾಡಿದವರಿಗೆ ಅಕ್ಷರ ಬಾರದು. ಅಕ್ಷರ ಬಲ್ಲವರಿಗೆ ಅವು ಸಾಹಿತ್ಯ ಎನಿಸಿರಲಿಲ್ಲ. ದಿನಾ ಕೇಳಿದ್ದಕ್ಕೆ ಬೆಲೆ ಇರುವುದಿಲ್ಲವಷ್ಟೆ.

ಹಲಸಂಗಿ ಗೆಳೆಯರು ಅವನ್ನು ಕೇಳಿ, ಬರೆದು, ಆರಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನ ತಂದರು. 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದವು. ಕನ್ನಡ ಜನಪದ ಗೀತೆಗಳ ಸಂಗ್ರಹದ ಮಾತು ಬಂದಾಗಲೆಲ್ಲ ಈ ಮೂರು ಪುಸ್ತಕಗಳ ಹೆಸರು ಬರುತ್ತದೆ. ಬೇರೆಯವರ ಸಾಹಿತ್ಯವನ್ನು ಓದಲು ಇಂಗ್ಲಿಷ್ ಕಲಿತ ಹುಡುಗರೇ ಅವ್ವ, ಅಜ್ಜಿ, ಅಕ್ಕಂದಿರ ಬಾಯಲ್ಲಿದ್ದ ಸಾಹಿತ್ಯವನ್ನೂ ಓದಿದರು.

ಇಂಥ ಹಾಡನ್ನು ಬರೆದುಕೊಳ್ಳುವುದು ಸುಲಭವೆಂದು ತಿಳಿಯಬೇಡಿ. ಅಂದು ಹಳ್ಳಿಯಲ್ಲಿ ಧ್ವನಿಮುದ್ರಣದ ಯಂತ್ರ ಇರಲಿಲ್ಲ. ಹಾಡು ಓಡುತ್ತದೆ, ಪೆನ್ಸಿಲು ಹಿಂದೆ ಬೀಳುತ್ತದೆ. "ಸ್ವಲ್ಪ ನಿಲ್ಲವ್ವಾ, ಬರಕೋತೀನಿ" ಎಂದರೆ ಹಾಡುವವಳಿಗೆ ಮುಂದಿನ ನುಡಿಯೇ ಮರೆತುಹೋಗುತ್ತದೆ. ಏಕೆಂದರೆ ಆ ಹಾಡು ನೆನಪಿನಲ್ಲಿ ಇರುವುದು ಕೈಯ ಸುತ್ತಿನ ಜೊತೆಗೆ, ಕಲ್ಲಿನ ಸದ್ದಿನ ಜೊತೆಗೆ. ಕಲ್ಲು ನಿಂತರೆ ಹಾಡೂ ನಿಲ್ಲುತ್ತದೆ. ಆದ್ದರಿಂದ ಬರೆದುಕೊಳ್ಳುವವನು ಮತ್ತೆ ಮತ್ತೆ ಕೇಳಬೇಕು, ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಒಬ್ಬಳು ಹಾಡಿದ ನುಡಿಯನ್ನು ಇನ್ನೊಬ್ಬಳು ಬೇರೆ ರೀತಿ ಹಾಡಿದರೆ ಎರಡನ್ನೂ ಹೋಲಿಸಬೇಕು. ತನಗೆ ಗೊತ್ತಿಲ್ಲದ ಮಾತು ಬಂದರೆ ತಿದ್ದುವ ಆಸೆಗೆ ಬೀಳದೆ ಹಾಡಿದವಳನ್ನೇ ಅರ್ಥ ಕೇಳಬೇಕು. ಓದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಯಾವ ಶಾಲೆಯಲ್ಲಿದೆ?

ಈ ಹಾಡುಗಳ ಛಂದಸ್ಸು ತ್ರಿಪದಿ. ಹೈಸ್ಕೂಲಿನ ವ್ಯಾಕರಣದಲ್ಲಿ ಬರುವ ಲಕ್ಷಣ ಬಹಳ ಮಕ್ಕಳಿಗೆ ಬಾಯಿಪಾಠ ಇರುತ್ತದೆ: ಮೂರು ಸಾಲು, ಒಟ್ಟು 11 ಗಣ, 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಎರಡು ಅಂಕಕ್ಕೆ ಇಷ್ಟು ಸಾಕು. ಆದರೆ ಇದೇ ತ್ರಿಪದಿ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದಲ್ಲಿ ಇದೆ. ಅದು ಸುಮಾರು ಕ್ರಿ.ಶ. 700ರದು. ಸರ್ವಜ್ಞ ಹಾಡಿದ್ದೂ ಇದೇ ಮಟ್ಟಿನಲ್ಲಿ. ಅಕ್ಷರ ಬಾರದ ನಮ್ಮ ಅಜ್ಜಿ ಬೀಸುತ್ತ ಹಾಡಿದ್ದೂ ಇದರಲ್ಲೇ. ಹಾಡುವಾಗ ಅವಳು ಎರಡನೆಯ ಸಾಲಿನ ತುಂಡನ್ನು ಮತ್ತೊಮ್ಮೆ ಎಳೆದು ಹಾಡುತ್ತಾಳೆ, ಮೂರು ಸಾಲು ಕಿವಿಗೆ ನಾಲ್ಕಾಗುತ್ತದೆ. ಸಾವಿರದ ಮುನ್ನೂರು ವರ್ಷ ಬಾಳಿದ ಒಂದು ಅಳತೆ ಮನೆಯ ಮೂಲೆಯಲ್ಲಿ ಉಸಿರಾಡುತ್ತಿತ್ತು. ಇದನ್ನು ಕೇಳಿಸಿಕೊಂಡ ಹುಡುಗನಿಗೆ ತ್ರಿಪದಿಯ ಲಕ್ಷಣವನ್ನು ಉರು ಹೊಡೆಯುವ ಅಗತ್ಯ ಬೀಳುವುದಿಲ್ಲ.

ಮುಂದೆ ಹಳ್ಳಿಹಳ್ಳಿಗೆ ಗಿರಣಿ ಬಂತು. ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ಸಿಕ್ಕಿತು, ಅದು ಸಂತೋಷದ ಸಂಗತಿಯೇ. ಆದರೆ ಬೀಸುಕಲ್ಲಿನ ಜೊತೆ ಹಾಡಿನ ಹೊತ್ತೂ ಹೋಯಿತು. ಹಲಸಂಗಿಯವರು ಆ ಕೆಲಸವನ್ನು ಎರಡು ತಲೆಮಾರು ಮುಂದೆ ಹಾಕಿದ್ದರೆ ಅವರ ಕಿವಿಗೆ ಬಿದ್ದ ಎಷ್ಟೋ ನುಡಿಗಳು ಇಂದು ಯಾರಿಗೂ ಸಿಗುತ್ತಿರಲಿಲ್ಲ.

ಒಂದೇ ಓದು, ಎರಡು ಬಗೆಯ ಬರಹ

ಒಂದೇ ಗುಂಪಿನಲ್ಲಿ ಓದಿದವರು ಒಂದೇ ತರಹ ಬರೆಯಬೇಕೆಂದಿಲ್ಲ. ಮಧುರಚೆನ್ನರು ಒಳಮುಖದ ಮನುಷ್ಯ. ಅವರ ಕವಿತೆಗಳಲ್ಲಿ ಪ್ರಸಿದ್ಧವಾದ 'ನನ್ನ ನಲ್ಲ' 1933ರಲ್ಲಿ ಬಂತು. ದೇವರನ್ನು ಹುಡುಕುವ ಜೀವದ ಹಂಬಲವನ್ನು ಅವರು ಹಳ್ಳಿಯ ಹೆಣ್ಣುಮಗಳು ತನ್ನ ನಲ್ಲನನ್ನು ನೆನೆಯುವ ಆಪ್ತ ದನಿಯಲ್ಲಿ ಹೇಳಿದರು. ಅರವಿಂದರಿಂದ ಬಂದ ತತ್ವವೂ ಗರತಿಯ ಹಾಡಿನಿಂದ ಬಂದ ನುಡಿಯೂ ಅಲ್ಲಿ ಕೂಡಿಕೊಂಡಿವೆ. ಅವೆರಡನ್ನು ಬೇರೆ ಮಾಡಿ ತೋರಿಸುವುದು ಕಷ್ಟ. 'ಪೂರ್ವರಂಗ', 'ಕಾಳರಾತ್ರಿ', 'ಬೆಳಗು' ಎಂಬ ಆತ್ಮಕಥನದ ಬರಹಗಳಲ್ಲಿ ತಮ್ಮ ಮನಸ್ಸಿನ ಸಂಶಯ, ಕತ್ತಲೆ, ತಳಮಳಗಳನ್ನು ಮುಚ್ಚುಮರೆ ಇಲ್ಲದೆ ಬರೆದುಕೊಂಡರು. 1953ರ ಆಗಸ್ಟ್ 15ರಂದು ತೀರಿಕೊಂಡರು. ತಾವು ಜೀವನವಿಡೀ ಓದಿದ ಅರವಿಂದರ ಹುಟ್ಟಿದ ದಿನವೇ ಅದು.

ಸಿಂಪಿ ಲಿಂಗಣ್ಣನವರದು ಬೇರೆ ಸ್ವಭಾವ. ವೃತ್ತಿಯಿಂದ ಶಾಲಾ ಮಾಸ್ತರರು. ಹಾಡು, ಕಥೆ, ಒಗಟು, ಗಾದೆ ಎಂದು ಜನರ ನಡುವೆ ಹೋಗಿ ಕೂಡಿಹಾಕುವುದು, ಅದರ ಅರ್ಥವನ್ನು ಸರಳವಾಗಿ ಬಿಡಿಸಿ ಹೇಳುವುದು ಅವರ ದಾರಿ. ಹತ್ತಾರು ಪುಸ್ತಕ ಬರೆದರು, ಮುಪ್ಪಿನವರೆಗೂ ಬರೆಯುತ್ತಲೇ ಇದ್ದರು. 1993ರಲ್ಲಿ ಕೊಪ್ಪಳದಲ್ಲಿ ನಡೆದ 62ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ವಯಸ್ಸು ಎಂಬತ್ತೇಳು ದಾಟಿತ್ತು. ಅದೇ ವರ್ಷ ಅವರು ನಮ್ಮನ್ನು ಅಗಲಿದರು. ಬೀಸುಕಲ್ಲಿನ ಹಾಡು ಬರೆದುಕೊಂಡ ಕೈ ಕನ್ನಡಿಗರ ಅತಿ ದೊಡ್ಡ ಸಾಹಿತ್ಯ ವೇದಿಕೆಯವರೆಗೆ ಬಂದಿತ್ತು.

ಪಾಲಕರು ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಓದುವ ಮಕ್ಕಳೆಲ್ಲ ಒಂದೇ ಅಚ್ಚಿನಲ್ಲಿ ಬರುವುದಿಲ್ಲ. ಒಬ್ಬ ಮೌನವಾಗಿ ಒಳಗೆ ಇಳಿಯುತ್ತಾನೆ, ಇನ್ನೊಬ್ಬ ಹತ್ತು ಜನರ ಜೊತೆ ಮಾತಾಡುತ್ತ ಕಲಿಯುತ್ತಾನೆ. ಪಕ್ಕದ ಮನೆಯ ಹುಡುಗ ಹೇಗೆ ಓದುತ್ತಾನೋ ನೀನೂ ಹಾಗೇ ಓದು ಎನ್ನುವುದರಲ್ಲಿ ಅರ್ಥವಿಲ್ಲ.

ಹೀಗೆ ತಾವೇ ಕಲಿತವರ ಕಥೆ ಬೇರೆ ದೇಶಗಳಲ್ಲೂ ಇದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹತ್ತು ವರ್ಷದವನಿದ್ದಾಗಲೇ ಶಾಲೆ ಬಿಟ್ಟವನು. ಅಣ್ಣನ ಅಚ್ಚುಕೂಟದಲ್ಲಿ ಕೆಲಸಕ್ಕಿದ್ದಾಗ ಬರೆಯಲು ಕಲಿತ ಬಗೆಯನ್ನು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಒಳ್ಳೆಯ ಲೇಖನವೊಂದನ್ನು ಓದಿ ಪ್ರತಿ ವಾಕ್ಯದ ಸಾರವನ್ನು ಒಂದೆರಡು ಮಾತಿನಲ್ಲಿ ಗುರುತು ಹಾಕಿಕೊಳ್ಳುವುದು. ಕೆಲವು ದಿನ ಬಿಟ್ಟು ಪುಸ್ತಕ ನೋಡದೆ, ಆ ಗುರುತುಗಳ ಆಧಾರದಿಂದಲೇ ಇಡೀ ಲೇಖನವನ್ನು ತನ್ನ ಮಾತಿನಲ್ಲಿ ಬರೆಯುವುದು. ಆಮೇಲೆ ಮೂಲದೊಂದಿಗೆ ಹೋಲಿಸಿ ತಪ್ಪು ತಿದ್ದಿಕೊಳ್ಳುವುದು. ಮುಂದೆ 1727ರಲ್ಲಿ ಗೆಳೆಯರನ್ನು ಕೂಡಿಸಿ ಓದು ಚರ್ಚೆಗಳ ಕೂಟ ಕಟ್ಟಿದ, 1731ರಲ್ಲಿ ಅವರೆಲ್ಲರ ಚಂದಾ ಹಣದಿಂದ ಗ್ರಂಥಾಲಯ ತೆರೆದ. ಫಿಲಡೆಲ್ಫಿಯಾಕ್ಕೂ ಹಲಸಂಗಿಗೂ ಯಾವ ಸಂಬಂಧವೂ ಇಲ್ಲ. ಆದರೆ ಗೆಳೆಯರ ಕೂಟ, ಓದಿದ್ದನ್ನು ಮತ್ತೆ ತಾನೇ ಬರೆದು ನೋಡುವುದು, ಇವೆರಡೂ ಎರಡು ಕಡೆಯೂ ಇವೆ.

ಓಲೆಗರಿಯ ಓದು

ಹಲಸಂಗಿಯವರು ಬಾಯಲ್ಲಿದ್ದುದನ್ನು ಓದಿದರೆ, ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಗಂಟು ಕಟ್ಟಿ ಜಗುಲಿಯ ಮೇಲೆ ಇಟ್ಟಿದ್ದುದನ್ನು ಓದಿದರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವಿಜಯಪುರವನ್ನೇ ಊರು ಮಾಡಿಕೊಂಡರು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮಾತುಗಳು, ಅವರ ಸಂಗಡಿಗರ ಮಾತುಗಳು ಆಗ ಮಠಗಳಲ್ಲಿ, ಮನೆಗಳಲ್ಲಿ ಓಲೆಗರಿಯ ಕಟ್ಟುಗಳಾಗಿ ಉಳಿದಿದ್ದವು. ಕೆಲವರು ಅವನ್ನು ಪೂಜಿಸುತ್ತಿದ್ದರು, ಬಿಚ್ಚಿ ಓದುವವರು ವಿರಳ. ಗೆದ್ದಲು, ಹುಳು ತಿಂದು ಹೋದದ್ದಕ್ಕೆ ಲೆಕ್ಕವಿಲ್ಲ.

ಓಲೆಗರಿ ಓದುವುದೆಂದರೆ ಅಚ್ಚಾದ ಪುಸ್ತಕ ಓದಿದ ಹಾಗಲ್ಲ. ಅಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಲಾಗಿ ಹೋಗುತ್ತವೆ. ಎಲ್ಲಿ ಪದ ಮುಗಿಯಿತು, ಎಲ್ಲಿ ವಚನ ಮುಗಿಯಿತು ಎಂದು ಓದುವವನೇ ಕಂಡುಕೊಳ್ಳಬೇಕು. ಕೂಡಲಸಂಗಮದೇವ, ಗುಹೇಶ್ವರ ಮುಂತಾದ ಅಂಕಿತ ಬಂದಾಗ ವಚನ ಯಾರದೆಂದು ಗೊತ್ತಾಗುತ್ತದೆ. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ರೀತಿ, ಮತ್ತೊಂದರಲ್ಲಿ ಮತ್ತೊಂದು ರೀತಿ ಇರುತ್ತದೆ. ನಕಲು ಮಾಡಿದವನು ಎಲ್ಲಿ ತಪ್ಪಿದ, ಎಲ್ಲಿ ಸೇರಿಸಿದ ಎಂದು ತೂಗಿ ನೋಡಬೇಕು.

ಹಳಕಟ್ಟಿಯವರು ಹೀಗೆ ಓದಿ, ನಕಲು ಮಾಡಿ, ವಿಷಯವಾರು ಜೋಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. ಅಚ್ಚು ಹಾಕಿಸುವ ಕಷ್ಟ ಕಂಡು 1925ರಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯ ಮಾಡಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ವಕೀಲಿಯಲ್ಲಿ ಗಳಿಸಬಹುದಾಗಿದ್ದುದನ್ನು ಬಿಟ್ಟು ಇದರಲ್ಲಿ ಕಳೆದುಕೊಂಡರು ಎಂದು ಯಾರಾದರೂ ಲೆಕ್ಕ ಹಾಕಬಹುದು. ಆದರೆ ಇಂದು ನಮ್ಮ ಶಾಲೆಯ ಮಗು ಪಠ್ಯಪುಸ್ತಕದಲ್ಲಿ ವಚನ ಓದುವಾಗ ಆ ಲೆಕ್ಕವನ್ನು ತಿರುಗಿಸಿ ಹಾಕಬೇಕಾಗುತ್ತದೆ. ಒಬ್ಬ ವಕೀಲರು ಪರೀಕ್ಷೆಗೆ ಬಾರದ ಓದನ್ನು ಓದಿದ್ದರಿಂದಲೇ ಅದು ನಮ್ಮ ಮಕ್ಕಳ ಪರೀಕ್ಷೆಗೆ ಬರುವಂತಾಯಿತು!

ಕಲ್ಲಿನ ಓದು, ಬಾಳಿನ ಓದು

ಹಳಕಟ್ಟಿಯವರು ಇಟ್ಟ ಬುನಾದಿಯ ಮೇಲೆ ಮುಂದೆ ಕಟ್ಟಿದವರಲ್ಲಿ ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಪ್ರಮುಖರು. 1938ರಲ್ಲಿ ಹುಟ್ಟಿದ ಅವರು ಹಳ್ಳಿಯ ಶಾಲೆಯಿಂದ ಹೊರಟು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. ಹಳಕಟ್ಟಿಯವರು ಆರಂಭಿಸಿದ ಕೆಲಸದ ಮುಂದುವರಿಕೆಯಂತೆ ಸರ್ಕಾರ 15 ಸಂಪುಟಗಳಲ್ಲಿ ತಂದ 'ಸಮಗ್ರ ವಚನ ಸಂಪುಟ'ಕ್ಕೆ ಅವರೇ ಪ್ರಧಾನ ಸಂಪಾದಕರು.

ಕಲಬುರ್ಗಿಯವರದು ಸಂಶೋಧಕನ ಓದು. 'ಶಾಸನಗಳಲ್ಲಿ ಶಿವಶರಣರು' ಎಂಬ ಅವರ ಪುಸ್ತಕದ ಹೆಸರೇ ಅವರ ಪದ್ಧತಿಯನ್ನು ಹೇಳುತ್ತದೆ. ಪುರಾಣ ಹೇಳುತ್ತದೆ, ಜನ ನಂಬುತ್ತಾರೆ, ಸರಿ. ಕಲ್ಲು ಏನು ಹೇಳುತ್ತದೆ ನೋಡೋಣ ಎಂಬ ಪದ್ಧತಿ. ಊರ ಹೊರಗೆ, ಗುಡಿಯ ಗೋಡೆಯಲ್ಲಿ, ಹೊಲದ ಬದುವಿನಲ್ಲಿ ನಿಂತ ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದ ಹರಡಿ, ಕುಂಚದಿಂದ ತಟ್ಟಿ, ಮಸಿ ಸವರಿ ಅಚ್ಚು ತೆಗೆದು ಅಕ್ಷರ ಬಿಡಿಸುವುದು ಶಾಸನ ಓದುವವರ ಕ್ರಮ. ಒಂದು ಅಕ್ಷರ ಒಡೆದಿದ್ದರೆ ಅಲ್ಲಿ ಊಹೆ ಮಾಡಬಹುದು, ಆದರೆ ಊಹೆಯನ್ನು ಊಹೆ ಎಂದೇ ಹೇಳಬೇಕು. ಅವರ ಸಂಶೋಧನ ಲೇಖನಗಳು 'ಮಾರ್ಗ' ಎಂಬ ಹೆಸರಿನ ಸಂಪುಟಗಳಾಗಿ ಬಂದವು. 'ಮಾರ್ಗ' 4ನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಓದಿ ತಿಳಿದದ್ದನ್ನು ತಿಳಿದ ಹಾಗೆ ಹೇಳುವುದಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ಅವರ ಬಾಳು ತೋರಿಸಿತು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಅವರು ಗುಂಡಿಗೆ ಬಲಿಯಾದರು. ಬರೀ ಅಂಕಕ್ಕಾಗಿ ಓದುವುದನ್ನು ಕಲಿತ ಸಮಾಜಕ್ಕೆ ತನಗೆ ಒಪ್ಪದ ಓದನ್ನು ಹೇಗೆ ಎದುರಿಸಬೇಕೆಂಬುದು ತಿಳಿಯುವುದಿಲ್ಲ. ವಾದಕ್ಕೆ ವಾದ, ಆಧಾರಕ್ಕೆ ಆಧಾರ ಎಂಬ ಪಾಠವನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕಾಗಿದೆ.

ಇನ್ನು ಮುದ್ದೇಬಿಹಾಳ. ಇಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅರವಿಂದ ಮಾಲಗತ್ತಿಯವರು ಕವಿ, ಜಾನಪದ ವಿದ್ವಾಂಸರು. ಅವರ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಕನ್ನಡದ ಮೊದಮೊದಲ ದಲಿತ ಆತ್ಮಕಥೆಗಳಲ್ಲಿ ಒಂದು ಎಂದು ಅದನ್ನು ಗುರುತಿಸುತ್ತಾರೆ. ಇಂಗ್ಲಿಷಿಗೂ ಹೋಗಿದೆ. ಹುಟ್ಟಿನಿಂದ ಸಾವಿನವರೆಗೆ ವರ್ಷವಾರು ಹೇಳುವ ಜೀವನಚರಿತ್ರೆಯಂತೆ ಅದು ಇಲ್ಲ. ಬಿಡಿ ಬಿಡಿ ಘಟನೆಗಳಾಗಿ ಬರುತ್ತದೆ. ದಲಿತ ಹುಡುಗನೊಬ್ಬ ಶಾಲೆಯಲ್ಲಿ, ಊರಿನಲ್ಲಿ ಉಂಡ ಅವಮಾನಗಳು ಅಲ್ಲಿವೆ, ಜೊತೆಗೆ ಮನೆಯವರ ಅಕ್ಕರೆಯೂ ಇದೆ.

ಇಲ್ಲಿ ಓದಿಸಿಕೊಂಡ ಪುಸ್ತಕ ಯಾವುದು? ತನ್ನ ಬಾಳು, ತನ್ನ ಕೇರಿ. ಹಲಸಂಗಿಯವರು ಕೇಳಿದ ಹಾಡಿನಂತೆ ಇದೂ ದಿನಾ ಕಣ್ಣೆದುರು ಇದ್ದದ್ದೇ. ದಿನಾ ಇದ್ದದ್ದರಿಂದಲೇ ಅದನ್ನು ಬರೆಯಬಹುದು ಎಂದು ಬಹಳ ಕಾಲ ಯಾರಿಗೂ ಅನಿಸಿರಲಿಲ್ಲ. ನಮ್ಮ ಊರಿನಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳುವ ಮುದ್ದೇಬಿಹಾಳದ ವಿದ್ಯಾರ್ಥಿ ಈ ಪುಸ್ತಕವನ್ನು ಒಮ್ಮೆ ಓದಬೇಕು. ಓದಲು ಅದು ಸುಖದ ಪುಸ್ತಕವಲ್ಲ. ತನ್ನದೇ ಊರಿನ ಬೀದಿಯನ್ನು ಇನ್ನೊಬ್ಬರ ಕಣ್ಣಿನಿಂದ ನೋಡಿದಾಗ ಆಗುವ ನೋವು, ನಾಚಿಕೆ ಅಲ್ಲಿವೆ. ಆ ಬೀದಿಯನ್ನು ಮತ್ತೆ ಮೊದಲಿನಂತೆ ನೋಡಲಾಗುವುದಿಲ್ಲ, ಅದೇ ಆ ಓದಿನ ಫಲ.

ಹಾಗಾದರೆ ಏನು ಮಾಡೋಣ?

ಒಬ್ಬರು ಹಾಡು ಬರೆದುಕೊಂಡರು, ಒಬ್ಬರು ಓಲೆಗರಿ ನಕಲು ಮಾಡಿದರು, ಒಬ್ಬರು ಕಲ್ಲಿನ ಸಾಕ್ಷ್ಯ ಕೇಳಿದರು, ಒಬ್ಬರು ತಮ್ಮ ಬಾಳನ್ನೇ ಬಿಚ್ಚಿದರು. ಇವರ ಕಪಾಟಿನಲ್ಲಿ ಎಷ್ಟು ಪುಸ್ತಕ ಇದ್ದವು ಎಂಬುದು ಮುಖ್ಯವಲ್ಲ. ಓದಿದ ಮೇಲೆ ಏನನ್ನಾದರೂ ಮಾಡಿದರು. ಬರೆದರು, ಹೋಲಿಸಿದರು, ಇನ್ನೊಬ್ಬರಿಗೆ ಹೇಳಿದರು. ಅವರ ಪಾಲಿಗೆ ಓದು ಅರ್ಧ ಕಣ್ಣಿನ ಕೆಲಸವಾದರೆ ಅರ್ಧ ಕೈಯ ಕೆಲಸ.

ವಿದ್ಯಾರ್ಥಿಗಳು ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು. ದಿನಕ್ಕೆ ನಾಲ್ಕು ತಾಸು ಬೇಡ, ಅರ್ಧ ತಾಸು ಸಾಕು. ಪಾಠದ ಪುಸ್ತಕ ಬಿಡಿ ಎಂದು ಯಾರೂ ಹೇಳುವುದಿಲ್ಲ. ಅದನ್ನೂ ಈ ರೀತಿಯೇ ಓದಬಹುದು. ಒಂದು ಪಾಠ ಓದಿ, ಪುಸ್ತಕ ಮುಚ್ಚಿ, ಅದರ ತಿರುಳನ್ನು ನಿಮ್ಮ ಮಾತಿನಲ್ಲಿ ಹತ್ತು ಸಾಲು ಬರೆಯಿರಿ. ಆಮೇಲೆ ತೆರೆದು ಹೋಲಿಸಿ ನೋಡಿ. ಮೊದಲ ವಾರ ಬೇಸರ ಬರುತ್ತದೆ. ಎರಡನೆಯ ತಿಂಗಳಿಗೆ ಗೈಡು ನೋಡುವ ಅಗತ್ಯ ಕಡಿಮೆಯಾಗುತ್ತದೆ. ಇಬ್ಬರು ಮೂವರು ಗೆಳೆಯರು ಸೇರಿ ವಾರಕ್ಕೊಮ್ಮೆ ಒಂದು ಪುಸ್ತಕದ ಬಗ್ಗೆ ಮಾತಾಡಿ. ನೂರು ರೂಪಾಯಿಯ ಪುಸ್ತಕ ನಾಲ್ವರು ಓದಿದರೆ ತಲೆಗೆ ಇಪ್ಪತ್ತೈದು ರೂಪಾಯಿ ಬೀಳುತ್ತದೆ, ಮಾತು ಮಾತ್ರ ನಾಲ್ಕು ಪಟ್ಟಾಗುತ್ತದೆ.

ಒಂದು ನೋಟುಬುಕ್ಕು ಇಟ್ಟುಕೊಂಡು ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ಕೇಳಿದ ಮಾತು, ಗಾದೆ, ಒಗಟು, ಹಾಡು ಬರೆದಿಡಿ. ಯಾರ ಬಾಯಿಂದ, ಯಾವ ಊರಿನಲ್ಲಿ, ಯಾವ ದಿನ ಕೇಳಿದಿರಿ ಎಂಬುದನ್ನೂ ಕೆಳಗೆ ಬರೆಯಿರಿ. ಹಲಸಂಗಿ ಗೆಳೆಯರಿಗೆ ಇರದ ಒಂದು ಅನುಕೂಲ ಇಂದು ಎಲ್ಲರ ಕಿಸೆಯಲ್ಲಿದೆ. ಹತ್ತು ಹಾಡು ರೆಕಾರ್ಡ್ ಮಾಡಿಕೊಳ್ಳಲು ಮೊಬೈಲಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದರೆ ರೆಕಾರ್ಡ್ ಮಾಡಿ ಇಟ್ಟರೆ ಕೆಲಸ ಮುಗಿಯಲಿಲ್ಲ. ಅದನ್ನು ಮತ್ತೆ ಕೇಳಿ, ಕೈಯಲ್ಲಿ ಬರೆದು, ತಿಳಿಯದ ಮಾತಿನ ಅರ್ಥ ಕೇಳಿಕೊಂಡರೆ ಮಾತ್ರ ಅದು ನಿಮ್ಮದಾಗುತ್ತದೆ. ಬೀಸುಕಲ್ಲು ತಿರುಗಿಸಿ ಹಾಡಿದ ಅಜ್ಜಿಯರು ಈಗ ಬಹಳ ಮನೆಗಳಲ್ಲಿ ಉಳಿದಿಲ್ಲ. ಇರುವವರಿಗೆ ಎಂಬತ್ತು ದಾಟಿದೆ. ಪರೀಕ್ಷೆಯ ವೇಳಾಪಟ್ಟಿಗೆ ಮುಂದಿನ ವರ್ಷ ಇದೆ, ಅವರಿಗೆ ಇರಲಿಕ್ಕಿಲ್ಲ.

ಪಾಲಕರಿಗೆ ಒಂದೇ ವಿನಂತಿ. ಮಗ, ಮಗಳ ಕೈಯಲ್ಲಿ ಬೇರೆ ಪುಸ್ತಕ ಕಂಡಾಗ "ಇದನ್ನ ಪರೀಕ್ಷಾದಾಗ ಕೇಳ್ತಾರೇನು?" ಎಂದು ಕೇಳುವ ಬದಲು ಒಮ್ಮೆ ಪಕ್ಕದಲ್ಲಿ ಕುಳಿತು, "ಏನು ಓದಿದಿ, ನನಗೂ ಸ್ವಲ್ಪ ಹೇಳು" ಎನ್ನಿ. ನಿಮಗೆ ಅಕ್ಷರ ಬರದಿದ್ದರೂ ಅಡ್ಡಿಯಿಲ್ಲ. ಮಗು ಹೇಳಲು ಆರಂಭಿಸುತ್ತದೆ, ನಡುವೆ ತಡವರಿಸುತ್ತದೆ, ಮತ್ತೆ ಪುಸ್ತಕ ತೆರೆಯುತ್ತದೆ. ಕೇಳುವವರು ಒಬ್ಬರಿದ್ದರೆ ಓದುವವರು ಹೆಚ್ಚು ಎಚ್ಚರದಿಂದ ಓದುತ್ತಾರೆ. ಹಲಸಂಗಿಯಲ್ಲಿ ಆ ಕೆಲಸವನ್ನು ಗೆಳೆಯರು ಮಾಡಿದರು, ನಮ್ಮ ಮನೆಗಳಲ್ಲಿ ಅಪ್ಪ ಅವ್ವ ಮಾಡಬಹುದು.